ಪಂಜೆ ಮಂಗೇಶರಾಯರು ನಮ್ಮ ರಾಯಚೂರಿನವರೇ?

ಪ್ರಶ್ನೆ: ನಮ್ಮ ಮಗಳು ಆರನೇ ತರಗತಿಯಲ್ಲಿದ್ದಾಳೆ. ನಾಗರಹಾವಿನ ಪದ್ಯ ಬರೆದ ಪಂಜೆ ಮಂಗೇಶರಾಯರು ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು ಎಂದು ಎಲ್ಲೋ ಓದಿ, ‘ಅಪ್ಪಾ, ಅವ್ರು ನಮ್ಮ ಕಡೆಯವ್ರೇನು?’ ಎಂದು ಕೇಳಿದಳು. ನನಗೆ ಗೊತ್ತಿರುವುದು 2016ರ ಸಮ್ಮೇಳನ. ಅದಕ್ಕೆ ಬರಗೂರು ರಾಮಚಂದ್ರಪ್ಪನವರು ಅಧ್ಯಕ್ಷರಾಗಿದ್ದರು. ಹಳೆಯ ಕಾಲದಲ್ಲಿ ಇಲ್ಲಿ ನಿಜಾಮರ ಆಳ್ವಿಕೆ, ಉರ್ದುವೇ ನಡೆಯುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಹಾಗಿದ್ದರೆ ಕನ್ನಡ ಸಮ್ಮೇಳನ ಆದದ್ದು ಹೇಗೆ? ಮಕ್ಕಳಿಗೆ ಪದ್ಯ ಬರೆದವರನ್ನು ಯಾಕೆ ಅಧ್ಯಕ್ಷರನ್ನಾಗಿ ಮಾಡಿದರು? ಕೆಲವು ಪದ್ಯಗಳ ಕೆಳಗೆ ‘ಕವಿಶಿಷ್ಯ’ ಎಂದಿರುತ್ತದೆ. ಅವರು ಬೇರೆಯವರೋ, ಇವರೇನೋ? ದಯವಿಟ್ಟು ತಿಳಿಸಿ.

— ದೇವದುರ್ಗ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ನಿಮ್ಮ ಮಗಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಅದನ್ನು ಹಾಗೆಯೇ ಬಿಡದೆ ನೀವು ಬರೆದು ಕಳಿಸಿದ್ದು ಇನ್ನೂ ಸಂತೋಷ. ಒಂದೇ ಪತ್ರದಲ್ಲಿ ನಾಲ್ಕು ಸಂದೇಹಗಳಿವೆ, ಒಂದೊಂದಾಗಿ ನೋಡೋಣ.

ಮೊದಲನೆಯದಕ್ಕೆ ನೇರ ಉತ್ತರ: ಪಂಜೆಯವರು ರಾಯಚೂರಿನವರಲ್ಲ, ಕರಾವಳಿಯವರು. ಆದರೆ ರಾಯಚೂರಿನ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದದ್ದು ನಿಜ. ಅದು 1934ರಲ್ಲಿ ನಡೆದ ಇಪ್ಪತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನ. ನೀವು ನೆನಪಿಸಿಕೊಂಡ 2016ರದು ಎಂಬತ್ತೆರಡನೆಯದು. ನಡುವೆ 1950ರ ದಶಕದಲ್ಲಿ ನಾಟಕಕಾರ ಶ್ರೀರಂಗರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲೇ ಇನ್ನೊಂದು ಸಮ್ಮೇಳನವೂ ಆಗಿತ್ತು. ಇತ್ತೀಚಿನದು ಮಾತ್ರ ನೆನಪಿನಲ್ಲಿ ಉಳಿಯುವುದು ಸಹಜ. 1934ರದನ್ನು ಕಣ್ಣಾರೆ ಕಂಡವರು ಈಗ ಯಾರಿದ್ದಾರು?

ಇನ್ನು ಪಂಜೆಯವರು ಯಾರು ಎಂಬ ವಿಷಯ. ಅವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಹೆಸರಿನ ಮುಂದಿರುವ ‘ಪಂಜೆ’ ಅದೇ ಸೀಮೆಯ ಪಂಜ ಎಂಬ ಊರಿನಿಂದ ಬಂದ ಮನೆತನದ ಹೆಸರು. ಮನೆಯ ಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಓದಿದ್ದು ಬರೆದದ್ದು ಕನ್ನಡದಲ್ಲಿ. ತೆಲುಗು, ಉರ್ದು, ಕನ್ನಡ ಮೂರೂ ಕಿವಿಗೆ ಬೀಳುವ ನಿಮ್ಮ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಒಂದು, ಬಜಾರಿನಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು ಎಂದು ಬೆಳೆದ ಹುಡುಗನೇ ಮುಂದೆ ಕನ್ನಡದ ಮಕ್ಕಳಿಗೆಲ್ಲ ಹಾಡು ಕಟ್ಟಿಕೊಟ್ಟ.

ವೃತ್ತಿಯಿಂದ ಅವರು ಮೇಷ್ಟ್ರು. ಮಂಗಳೂರಿನಲ್ಲಿ ಪಾಠ ಹೇಳಿದರು. ಮುಂದೆ ರಾಷ್ಟ್ರಕವಿ ಎನಿಸಿದ ಮಂಜೇಶ್ವರದ ಗೋವಿಂದ ಪೈಯವರು ಅವರ ವಿದ್ಯಾರ್ಥಿ. ಆಮೇಲೆ ಶಾಲಾ ಇನ್ಸ್‌ಪೆಕ್ಟರ್ ಆಗಿ ಹಳ್ಳಿಹಳ್ಳಿಯ ಶಾಲೆಗಳನ್ನು ಸುತ್ತಿದರು, ಕೊಡಗಿಗೆ ಹೋಗಿ ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಅಲ್ಲಿದ್ದಾಗ ಬರೆದ ‘ಹುತ್ತರಿಯ ಹಾಡು’ ಕೊಡಗಿನವರಿಗೆ ನಾಡಗೀತೆಯಷ್ಟೇ ಪ್ರಿಯವಾಗಿದೆ. ಶಾಲಾ ಇನ್ಸ್‌ಪೆಕ್ಟರ ಕೆಲಸವನ್ನು ಇಲ್ಲಿ ಸುಮ್ಮನೆ ಹೇಳಿ ಮುಂದೆ ಹೋಗುವಂತಿಲ್ಲ. ಮಕ್ಕಳು ಯಾವ ಸಾಲಿಗೆ ಬಂದಾಗ ತಡವರಿಸುತ್ತಾರೆ, ಯಾವುದನ್ನು ಹೇಳಿಕೊಡದಿದ್ದರೂ ಕಲಿತುಬಿಡುತ್ತಾರೆ ಎಂಬುದು ಶಾಲೆಯಿಂದ ಶಾಲೆಗೆ ಹೋಗುವವನಿಗೆ ಗೊತ್ತಾಗುವಷ್ಟು ಮನೆಯಲ್ಲಿ ಕುಳಿತು ಬರೆಯುವವನಿಗೆ ಗೊತ್ತಾಗುವುದು ಕಷ್ಟ. ಪಂಜೆಯವರ ಮಕ್ಕಳ ಬರವಣಿಗೆ ಬಾಯಿಗೆ ಸಲೀಸಾಗಿರುವುದಕ್ಕೆ ಈ ತಿರುಗಾಟವೂ ಒಂದು ಕಾರಣ ಎಂದೇ ನನ್ನ ತಿಳಿವಳಿಕೆ.

‘ಕವಿಶಿಷ್ಯ’ನ ಸಂದೇಹವನ್ನು ಇಲ್ಲೇ ಬಗೆಹರಿಸೋಣ. ಕವಿಶಿಷ್ಯ ಬೇರೆ ಯಾರೂ ಅಲ್ಲ, ಪಂಜೆಯವರೇ. ಪದ್ಯಗಳಿಗೆ ಅವರು ಇಟ್ಟುಕೊಂಡಿದ್ದ ಹೆಸರು ಅದು. ಕುವೆಂಪು, ದ.ರಾ. ಬೇಂದ್ರೆಯವರ ‘ಅಂಬಿಕಾತನಯದತ್ತ’, ಇವೆಲ್ಲ ಕಾವ್ಯನಾಮಗಳೆಂದು ನಮಗೆ ಚೆನ್ನಾಗಿ ಗೊತ್ತು. ಕವಿಶಿಷ್ಯ ಎಂಬುದು ಅಷ್ಟು ಬಳಕೆಯಲ್ಲಿ ಉಳಿಯಲಿಲ್ಲ. ಒಂದು ಪುಸ್ತಕದಲ್ಲಿ ಕಾವ್ಯನಾಮ, ಇನ್ನೊಂದರಲ್ಲಿ ಸ್ವಂತ ಹೆಸರು ಕಂಡಾಗ ಇಬ್ಬರು ಎಂದುಕೊಳ್ಳುವುದು ತಪ್ಪೇನಲ್ಲ. ನಿಮ್ಮಂತೆ ಎಷ್ಟೋ ಶಿಕ್ಷಕರೂ ಹಾಗೆ ಅಂದುಕೊಂಡಿದ್ದಾರೆ.

ಈಗ ನಿಜಾಮರ ಕಾಲದ ಪ್ರಶ್ನೆ. ನಿಮ್ಮ ಹಿರಿಯರು ಹೇಳಿದ್ದು ಸರಿ. 1934ರಲ್ಲಿ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಮೇಲಿನ ಓದೂ ಉರ್ದುವಿನಲ್ಲೇ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೇ ಉರ್ದು. ಕನ್ನಡದ ಹುಡುಗನೊಬ್ಬ ಓದಿ ನೌಕರಿ ಹಿಡಿಯಬೇಕೆಂದರೆ ಉರ್ದು ಕಲಿಯಲೇಬೇಕು. ಹಾಗೆಂದು ಇಲ್ಲಿ ಕನ್ನಡ ಇರಲಿಲ್ಲ ಎಂದಲ್ಲ. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ಮನೆಗಳಲ್ಲಿ ಪಾರಾಯಣ ಆಗುತ್ತಿತ್ತು, ಊರೂರಲ್ಲಿ ತತ್ವಪದ, ಭಜನೆ ಇತ್ತು, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವ ಪದಗಳಿದ್ದವು. ಕನ್ನಡ ಹೆಚ್ಚಾಗಿ ಬಾಯಲ್ಲಿ ಮತ್ತು ಕಿವಿಯಲ್ಲಿತ್ತು, ಪಾಠಶಾಲೆಯಲ್ಲಿ ಮತ್ತು ಕಾಗದಪತ್ರಗಳಲ್ಲಿ ಅದಕ್ಕೆ ಜಾಗ ಕಡಿಮೆ.

ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ, ಬೆಂಗಳೂರಿನಲ್ಲಿ. ಆಗ ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಸಮ್ಮೇಳನವನ್ನು ವರ್ಷಕ್ಕೊಂದು ಊರಿಗೆ ಒಯ್ಯುತ್ತಿದ್ದುದರಿಂದ ಅದು ಈ ಎಲ್ಲ ಗಡಿಗಳನ್ನೂ ದಾಟಿ ಹೋಗುತ್ತಿತ್ತು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಗೆ ಬಂತು, ಆರು ವರ್ಷದ ಮೇಲೆ ರಾಯಚೂರಿಗೆ. ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ, ರಾಯಚೂರು ಉಳಿದ ಕನ್ನಡನಾಡಿನೊಂದಿಗೆ ಒಂದಾದದ್ದು 1956ರ ನವೆಂಬರ್ 1ರಂದು. ಅಂದರೆ ಏಕೀಕರಣಕ್ಕೆ ಎರಡು ದಶಕ ಮೊದಲೇ ರಾಯಚೂರಿನಲ್ಲಿ ಕನ್ನಡಿಗರು ಒಂದೆಡೆ ಕೂತು ಒಂದೇ ಭಾಷೆಯಲ್ಲಿ ಮಾತಾಡಿದ್ದರು. ಅಧ್ಯಕ್ಷ ಪೀಠದಲ್ಲಿದ್ದವರು ಮದರಾಸು ಪ್ರಾಂತದಲ್ಲಿ ಹುಟ್ಟಿ, ಕೊಡಗಿನಲ್ಲಿ ಪಾಠ ಹೇಳಿ, ನಿಜಾಮರ ಸೀಮೆಗೆ ಬಂದ ಅರವತ್ತರ ಹಿರಿಯರು. ಆಗಿನ ಮೂರು ಆಡಳಿತಗಳ ಕನ್ನಡ ಒಬ್ಬ ಮನುಷ್ಯನಲ್ಲಿ ಸೇರಿದ್ದು ನನಗೆ ತುಂಬ ದೊಡ್ಡ ಸಂಗತಿ ಎನಿಸುತ್ತದೆ.

ಕರಾವಳಿಗೂ ನಿಮ್ಮ ಊರಿಗೂ ಆಗ ಇನ್ನೊಂದು ನಂಟಿತ್ತು. ಮಂಗಳೂರು ಕಡೆಯಿಂದಲೇ ಬಂದ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ದರು, ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಎಂಬ ಆಶ್ರಮ ಕಟ್ಟಿದರು. ಸರೋದ್ ವಾದಕ ರಾಜೀವ ತಾರಾನಾಥರು ಅವರ ಮಗ. ಇದು ಪಂಜೆಯವರ ಕತೆಗೆ ನೇರವಾಗಿ ಸೇರದಿದ್ದರೂ, ರಾಯಚೂರು ಅಂದು ಕನ್ನಡದಿಂದ ದೂರ ಬಿದ್ದ ಮೂಲೆಯಾಗಿತ್ತು ಎಂಬ ಮಾತನ್ನು ಪೂರ್ತಿ ನಂಬಬೇಡಿ ಎಂಬುದಕ್ಕೆ ಹೇಳಿದೆ.

ನಿಮ್ಮ ಮುಖ್ಯ ಪ್ರಶ್ನೆ ಇರುವುದು ಮುಂದೆ. ಮಕ್ಕಳಿಗೆ ಬರೆದವರನ್ನು ಅಷ್ಟು ದೊಡ್ಡ ಪೀಠಕ್ಕೆ ಯಾಕೆ ಕೂಡಿಸಿದರು? ಮಕ್ಕಳ ಸಾಹಿತ್ಯ ಎಂದರೆ ಏನೋ ಚಿಕ್ಕದು, ದೊಡ್ಡವರಿಗೆ ಬರೆಯಲು ಬಾರದವರು ಬರೆಯುವುದು ಎಂಬ ಎಣಿಕೆ ಈಗಲೂ ಇದೆ. ಪಂಜೆಯವರ ವಿಷಯದಲ್ಲಿ ಅದು ಮೊದಲೇ ಸುಳ್ಳು. ಕನ್ನಡದಲ್ಲಿ ಸಣ್ಣಕತೆ ಎಂಬ ಪ್ರಕಾರ ಕಣ್ಣು ಬಿಡುತ್ತಿದ್ದಾಗ, 1900ರ ಸುಮಾರಿಗೆ, ‘ಸುವಾಸಿನಿ’ ಪತ್ರಿಕೆಯಲ್ಲಿ ದೊಡ್ಡವರಿಗಾಗಿ ಕತೆ ಬರೆದವರು ಅವರು. ‘ನನ್ನ ಚಿಕ್ಕ ತಾಯಿ’, ‘ಕಮಲಪುರದ ಹೊಟ್ಲಿನಲ್ಲಿ’ ಇವು ಸಣ್ಣಕತೆಯ ಚರಿತ್ರೆಯ ಮೊದಲ ಪುಟಗಳಲ್ಲೇ ಬರುತ್ತವೆ. ಹರಟೆ, ಸಂಶೋಧನೆ ಎರಡರಲ್ಲೂ ಅವರ ಕೈ ಆಡಿತ್ತು. ಬೇರೆ ದಾರಿ ಇಲ್ಲದೆ ಮಕ್ಕಳ ಕಡೆಗೆ ಬಂದವರಲ್ಲ, ಮಕ್ಕಳಿಗೇ ಬರೆಯಬೇಕು ಎಂದು ಮನಸ್ಸು ಮಾಡಿ ಬಂದವರು. ಅದಕ್ಕಾಗಿ 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಎಂಬ ಸಂಸ್ಥೆ ಕಟ್ಟಿ, ಗೆಳೆಯರನ್ನು ಸೇರಿಸಿಕೊಂಡು, ಮಕ್ಕಳ ಕೈಗೆ ಹಿಡಿಸುವ ಸಣ್ಣ ಪುಸ್ತಕಗಳನ್ನು ತಂದರು.

ಅವರು ಮಾಡಿದ್ದೇನು ಎಂಬುದನ್ನು ನಿಮ್ಮ ಮಗಳು ಓದಿರುವ ನಾಗರಹಾವಿನ ಪದ್ಯದಲ್ಲೇ ನೋಡಬಹುದು. ಪುಸ್ತಕ ತೆಗೆದು ಎದುರಿಗಿಟ್ಟುಕೊಳ್ಳಿ. ಪದ್ಯದ ತುಂಬ ಮಗುವೊಂದು ಹಾವಿನೊಡನೆ ಮಾತಾಡುತ್ತದೆ. ಮೊದಲು ಅದರ ಚೆಲುವಿಗೆ ಬೆರಗಾಗುತ್ತದೆ, ಹತ್ತಿರ ಕರೆಯುತ್ತದೆ, ಹೆಡೆ ಬಿಚ್ಚಿ ಆಡು ಎನ್ನುತ್ತದೆ, ನಿನ್ನ ತಲೆಯಲ್ಲಿ ರತ್ನವಿದೆಯಂತೆ ನಿಜವೇ ಎಂದು ಕೇಳುತ್ತದೆ. ಕೊನೆಗೆ, ಮೈ ತಣ್ಣಗಿದ್ದರೂ ಹಾವಿನ ಒಳಗೆ ಹಗೆ ಇದೆ ಎಂಬುದು ನೆನಪಾಗಿ, ಕೈಮುಗಿದು ಹೊರಗೆ ಕಳಿಸಿಬಿಡುತ್ತದೆ. ಇಷ್ಟೂ ಭಾವಗಳು ಒಂದು ಪುಟಕ್ಕಿಂತ ಕಡಿಮೆ ಜಾಗದಲ್ಲಿ. ಪ್ರತಿ ನುಡಿಯ ಕೊನೆಯನ್ನು ಮತ್ತೆ ಓದಿ. ಅಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಬಂದು ನಿಲ್ಲುತ್ತದೆ. ಒಂದು ನುಡಿಯಲ್ಲಿ ಅದು ಕರೆಯುವ ಅಕ್ಷರ, ಇನ್ನೊಂದರಲ್ಲಿ ಪುಂಗಿಯ ನಾದದಂತಿರುವ ಅಕ್ಷರ, ಮತ್ತೊಂದರಲ್ಲಿ ಬೇಡುವ ಅಕ್ಷರ, ಕಡೆಯದರಲ್ಲಿ ಅಟ್ಟುವ ಅಕ್ಷರ. ಇನ್ನೂ ಓದಲು ಬಾರದ ಮಗು ಕೂಡ ಪದ್ಯ ಹೇಳುವವರ ಜೊತೆ ಆ ಜಾಗಕ್ಕೆ ಬಂದಾಗ ದನಿಗೂಡಿಸುತ್ತದೆ. ಎರಡನೆಯ ಸಲ ಕೇಳುವಾಗ ಅರ್ಧ ಪದ್ಯ ಅದರದೇ ಆಗಿರುತ್ತದೆ.

ಹಾವು ಕಂಡರೆ ಹೆದರಬೇಕು, ಹಾವಿಗೆ ತೊಂದರೆ ಕೊಡಬಾರದು ಎಂದು ಪಾಠ ಹೇಳುವುದು ಸುಲಭ. ಪಂಜೆಯವರು ಪಾಠ ಹೇಳದೆ, ಮಗುವಿಗೆ ಹಾವಿನ ಮೇಲೆ ಇರುವ ಆಸೆ, ಭಯ, ಕುತೂಹಲಗಳನ್ನೆಲ್ಲ ಇದ್ದ ಹಾಗೆ ಇಟ್ಟರು. ಹೊಲದ ಬದುವಿನಲ್ಲಿ ಹಾವು ಕಾಣುವ ನಿಮ್ಮ ಕಡೆಯ ಮಕ್ಕಳಿಗೆ ಇದರ ರುಚಿ ಚೆನ್ನಾಗಿಯೇ ಹತ್ತುತ್ತದೆ.

‘ಉದಯರಾಗ’ವನ್ನೂ ಹೀಗೆಯೇ ನೋಡಿ. ಅದರಲ್ಲಿ ಕೆಲಸವೆಲ್ಲ ಸೂರ್ಯನದು. ಒಂದೊಂದು ನುಡಿಗೂ ಒಂದೊಂದು ಕ್ರಿಯಾಪದ, ಅದೇ ಎರಡೆರಡು ಸಲ ಬರುತ್ತದೆ. ಸೂರ್ಯ ಬಾನಿನಲ್ಲಿ ಮೇಲಕ್ಕೆ ಹೋದಂತೆ ಚಿಕ್ಕದಾಗಿ ಕಾಣುತ್ತಾನೆ ಎಂಬುದನ್ನು ಹಿಡಿದು, ಮೇಲೇರಿದವರು ಸಣ್ಣವರಾಗಿಯೇ ಇರಬೇಕು ಎಂಬ ಮಾತನ್ನು ಅವರು ಅಲ್ಲಿ ಸೇರಿಸಿದ್ದಾರೆ. ರಾಯಚೂರಿನ ಬೇಸಿಗೆಯ ಸೂರ್ಯನಿಗೆ ಇದು ಒಪ್ಪುತ್ತದೋ ಇಲ್ಲವೋ, ಬೆಳಗಿನ ಸೂರ್ಯ ದಿಗಂತದಲ್ಲಿ ದೊಡ್ಡದಾಗಿ ಕಾಣುವುದನ್ನು ಮಗಳಿಗೆ ತೋರಿಸಿ. ಆಮೇಲೆ ಪದ್ಯ ಓದಿಸಿ. ‘ತೆಂಕಣ ಗಾಳಿಯಾಟ’ದಲ್ಲಿ ಕಡಲ ಕಡೆಯಿಂದ ನುಗ್ಗುವ ಗಾಳಿಯ ರಭಸ ಸಾಲುಗಳ ಓಟದಲ್ಲೇ ಇದೆ. ಕಡಲು ಕಾಣದ ಮಗುವೂ ಅದನ್ನು ಗಟ್ಟಿಯಾಗಿ ಓದಿದರೆ ಏದುಸಿರು ಬರುತ್ತದೆ.

ಕತೆಗಳಲ್ಲಿ ‘ಸಿಗಡಿ ಯಾಕೆ ಒಣಗಲಿಲ್ಲ?’, ‘ಗುಡುಗುಡು ಗುಮ್ಮಟದೇವರು’, ‘ಇಲಿಗಳ ಥಕಥೈ’ ಬಹಳ ಹೆಸರುವಾಸಿ. ಸಿಗಡಿಯ ಕತೆಯ ಬಗ್ಗೆ ಒಂದು ಮಾತು. ಸಿಗಡಿ ಎಂದರೆ ಕರಾವಳಿಯವರು ಬಿಸಿಲಿಗೆ ಹರವಿ ಒಣಗಿಸಿ ಇಡುವ ಜಲಚರ. ದೇವದುರ್ಗದ ಮಗುವಿಗೆ ಅದು ಗೊತ್ತಿರಲಾರದು. ನಿಮ್ಮಲ್ಲಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಾರಲ್ಲ, ಹಾಗೆ ಎಂದರೆ ತಿಳಿಯುತ್ತದೆ. ಕತೆ ನಡೆಯುವುದು ಪ್ರಶ್ನೆಗಳ ಸರಪಳಿಯಲ್ಲಿ. ಇದು ಯಾಕೆ ಹೀಗಾಯಿತು ಎಂದರೆ ತಪ್ಪು ಅದರದು, ಅದು ಯಾಕೆ ಹಾಗೆ ಮಾಡಿತು ಎಂದರೆ ತಪ್ಪು ಇನ್ನೊಂದರದು, ಹೀಗೆ ಒಬ್ಬರಿಂದ ಒಬ್ಬರಿಗೆ ದೂರು ಸಾಗುತ್ತ ಹೋಗುತ್ತದೆ. ಅಜ್ಜಿಯರು ಹೇಳುತ್ತಿದ್ದ ಕತೆಯ ಹೆಣಿಗೆಯೇ ಇದು. ಪಂಜೆಯವರು ಅದನ್ನು ಕೆಡಿಸದೆ ಕಾಗದದ ಮೇಲೆ ಇಳಿಸಿದರು. ಅಜ್ಜಿ ಹೇಳುವ ದನಿ ಹೋಗದಂತೆ ಅಚ್ಚು ಹಾಕುವುದು ಎಷ್ಟು ಕಷ್ಟ ಎಂಬುದನ್ನು ಜಾನಪದ ಕತೆ ಸಂಗ್ರಹಿಸಿದ ಯಾರನ್ನು ಬೇಕಾದರೂ ಕೇಳಿ.

ಮಗಳು ಇನ್ನೆರಡು ವರ್ಷ ದೊಡ್ಡವಳಾದ ಮೇಲೆ ಕೊಡಬೇಕಾದ ಪುಸ್ತಕವೂ ಅವರದೇ ಇದೆ: ‘ಕೋಟಿ ಚೆನ್ನಯ’. ತುಳುನಾಡಿನಲ್ಲಿ ಪಾಡ್ದನವಾಗಿ ಹಾಡುತ್ತಿದ್ದ ಅವಳಿ ವೀರರ ಕತೆಯನ್ನು 1920ರ ದಶಕದಲ್ಲಿ ಪಂಜೆಯವರು ಕನ್ನಡ ಗದ್ಯಕ್ಕೆ ತಂದರು. ಅದರಲ್ಲಿ ಗೆಳೆತನವಿದೆ, ಅನ್ಯಾಯವಿದೆ, ಊರು ಬಿಟ್ಟು ಹೋಗುವುದಿದೆ, ಸಾವಿದೆ. ಹದಿಮೂರು ಹದಿನಾಲ್ಕರ ವಯಸ್ಸಿನವರಿಗೆ ಏನು ಓದಿಸಬೇಕು ಎಂದು ಈಗ ತಲೆ ಕೆಡಿಸಿಕೊಳ್ಳುತ್ತೇವೆ. ಮಕ್ಕಳ ಪದ್ಯದಿಂದ ಮೇಲೇರಿ ಇನ್ನೂ ದೊಡ್ಡವರ ಕಾದಂಬರಿಗೆ ಮುಟ್ಟದ ಆ ವಯಸ್ಸಿಗೆ ಹೇಳಿ ಬರೆಸಿದಂತಿದೆ ಈ ಪುಸ್ತಕ.

ಇಷ್ಟನ್ನು ನೋಡಿದ ಮೇಲೆ 1934ರ ಆಯ್ಕೆ ನನಗೆ ಆಶ್ಚರ್ಯ ಎನಿಸುವುದಿಲ್ಲ. ಶಾಲೆಯಲ್ಲಿ ಕನ್ನಡಕ್ಕೆ ಜಾಗ ಕಡಿಮೆಯಾಗಿದ್ದ, ಕನ್ನಡ ಕಿವಿಯಿಂದ ಕಿವಿಗೆ ದಾಟಿ ಬದುಕಿದ್ದ ಊರಿನಲ್ಲಿ, ಕಿವಿಗೆ ಬರೆದ ಕವಿಯೊಬ್ಬರು ಅಧ್ಯಕ್ಷರಾದರು. ಸಮ್ಮೇಳನ ನಡೆಸಿದವರು ಹೀಗೇ ಯೋಚಿಸಿದ್ದರು ಎಂದು ನಾನು ಹೇಳುತ್ತಿಲ್ಲ. ಪಂಜೆಯವರಿಗೆ ಆಗ ಹಿರಿತನವೂ ಇತ್ತು, ನಾಡಿನ ಎಲ್ಲ ಕಡೆಯ ಲೇಖಕರ ಗೌರವವೂ ಇತ್ತು. ಆದರೆ ಊರಿಗೂ ಕವಿಗೂ ಹೊಂದಿಕೆ ಮಾತ್ರ ಚೆನ್ನಾಗಿತ್ತು. ಅದಾಗಿ ಮೂರು ವರ್ಷಕ್ಕೆ, 1937ರಲ್ಲಿ, ಪಂಜೆಯವರು ತೀರಿಕೊಂಡರು. ಅವರು ಬರೆಯತೊಡಗಿದ ಮೇಲೆ ಮಕ್ಕಳಿಗೆ ಬರೆಯುವುದು ಕನ್ನಡದ ದೊಡ್ಡ ಲೇಖಕರಿಗೆ ಸಂಕೋಚದ ಕೆಲಸವಾಗಿ ಉಳಿಯಲಿಲ್ಲ. ಕುವೆಂಪು ಕಿಂದರಿಜೋಗಿಯನ್ನು ಕೊಟ್ಟರು, ಜಿ.ಪಿ. ರಾಜರತ್ನಂ ‘ತುತ್ತೂರಿ’ ಕೊಟ್ಟರು, ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳನ್ನೇ ಕೊಟ್ಟರು.

‘ನಮ್ಮ ಕಡೆಯವ್ರೇನು’ ಎಂಬ ಮಗಳ ಪ್ರಶ್ನೆಗೆ ಅಲ್ಲ ಎಂದಷ್ಟೇ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ನಿಮ್ಮ ಕಡೆಯಿಂದಲೇ ಮಕ್ಕಳಿಗೆ ಬರೆದ ದೊಡ್ಡ ಕವಿಯೊಬ್ಬರಿದ್ದಾರೆ: ‘ಕಾವ್ಯಾನಂದ’ ಎಂಬ ಕಾವ್ಯನಾಮದ ಸಿದ್ಧಯ್ಯ ಪುರಾಣಿಕರು. ಹುಟ್ಟಿದ್ದು 1918ರಲ್ಲಿ, ದ್ಯಾಂಪುರದಲ್ಲಿ. ದ್ಯಾಂಪುರ ಕೊಪ್ಪಳ ಜಿಲ್ಲೆಯಲ್ಲವೇ ಎಂದು ನೀವು ಕೇಳಬಹುದು. ಈಗ ಹೌದು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಅದು ರಾಯಚೂರು ಜಿಲ್ಲೆಯಲ್ಲೇ ಇತ್ತು. ಪುರಾಣಿಕರ ತಂದೆ ಕಲ್ಲಿನಾಥಶಾಸ್ತ್ರಿಗಳು ಪುರಾಣ ಹೇಳುವ, ಪುರಾಣ ಬರೆಯುವ ವಿದ್ವಾಂಸರು. ಮಗ ಓದಿದ್ದು ಮೇಲೆ ಹೇಳಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಹೈದರಾಬಾದ್ ಸಂಸ್ಥಾನದ ಆಡಳಿತ ಸೇವೆಗೆ ಸೇರಿ, ಮುಂದೆ ಐಎಎಸ್ ಅಧಿಕಾರಿಯಾದರು. ಉರ್ದುವಿನಲ್ಲಿ ಓದಿ, ಕಚೇರಿಯಲ್ಲಿ ಕಡತ ನೋಡಿ, ಕನ್ನಡದಲ್ಲಿ ಕವಿತೆ ಬರೆದವರು. ಮಕ್ಕಳಿಗಾಗಿ ಅವರು ಬರೆದ ಪದ್ಯಗಳ ಪುಸ್ತಕದ ಹೆಸರು ‘ತುಪ್ಪಾ ರೊಟ್ಟಿ ಗೇ ಗೇ ಗೇ’. ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ. ಪಂಜೆಯವರು ನುಡಿಯ ಕೊನೆಗೆ ಒಂದೇ ಅಕ್ಷರವನ್ನು ಕುಣಿಸಿದ್ದು ನೆನಪಾಗುತ್ತದೆ. ಇವರು ಕುಣಿಸಿದ್ದು ರೊಟ್ಟಿ ಬಡಿಯುವ ಸೀಮೆಯ ಮಾತನ್ನು. 1987ರಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಪುರಾಣಿಕರೇ ಅಧ್ಯಕ್ಷರು.

ಹಾಗಾಗಿ ಮಗಳಿಗೆ ಹೀಗೆ ಹೇಳಬಹುದು: ಪಂಜೆಯವರು ನಮ್ಮ ಊರಿಗೆ ಬಂದುಹೋದ ಹಿರಿಯರು, ಪುರಾಣಿಕರು ನಮ್ಮ ಸೀಮೆಯಲ್ಲೇ ಹುಟ್ಟಿದವರು. ಇಬ್ಬರ ಪುಸ್ತಕಗಳನ್ನೂ ರಾಯಚೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ಪಂಜೆಯವರದನ್ನು ಕೇಳುವಾಗ ‘ಕವಿಶಿಷ್ಯ’ ಎಂಬ ಹೆಸರಿನಲ್ಲೂ ಹುಡುಕಲು ಹೇಳಿ, ಪುರಾಣಿಕರದನ್ನು ‘ಕಾವ್ಯಾನಂದ’ ಎಂಬ ಹೆಸರಿನಲ್ಲೂ. ಪುಸ್ತಕ ಕೈಗೆ ಬಂದ ಮೇಲೆ ಪದ್ಯಗಳನ್ನು ಮೌನವಾಗಿ ಓದಿಸಬೇಡಿ. ಮೊದಲ ಸಲ ನೀವು ಓದಿ, ಅವಳು ಕೇಳಲಿ. ಸಿಗಡಿಯ ಕತೆಯಂಥದ್ದನ್ನು ಅವಳು ಕಲಿತ ಮೇಲೆ ಅದೇ ಸರಪಳಿಯಲ್ಲಿ ನಿಮ್ಮ ಊರಿನ ವಸ್ತುಗಳನ್ನು ಪೋಣಿಸಿ ಹೊಸ ಕತೆ ಕಟ್ಟಲು ಹೇಳಿ: ಮೆಣಸಿನಕಾಯಿ ಯಾಕೆ ಒಣಗಲಿಲ್ಲ ಎಂದು ಶುರು ಮಾಡಿ, ಎತ್ತು, ಹತ್ತಿ ಗಿಡ, ಕಾಲುವೆಯ ನೀರು ಎಂದು ಎಲ್ಲಿಗೆ ಬೇಕಾದರೂ ಅವಳು ಒಯ್ಯಲಿ. ಅವಳು ಕಟ್ಟಿದ ಕತೆಯನ್ನು ನಮಗೂ ಬರೆದು ಕಳಿಸಿದರೆ ಸಂತೋಷದಿಂದ ಓದುತ್ತೇವೆ.